ಸ್ವಲ್ಪ ಕಾಣುತ್ತೆ, ಹಾಗಂತ ಸ್ಕ್ರೈಬ್ ಬೇಡ್ವಾ?

ಪ್ರಶ್ನೆ: ಸರ್, ನಾನು ದಿನಾ ಪಾಂಡವಪುರದಿಂದ ರೈಲಿನಲ್ಲಿ ಮೈಸೂರಿಗೆ ಹೋಗಿ ಬಿ.ಕಾಂ. ಮೊದಲ ವರ್ಷ ಓದುತ್ತಿದ್ದೇನೆ. ದೃಷ್ಟಿ ಮಂದ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಕಾರ್ಡು) ಅಂಗವೈಕಲ್ಯ ಶೇ. 40 ಅಂತಿದೆ. ಮೂರು ಗಂಟೆಯ ಪತ್ರಿಕೆ ಮುಗಿಸೋಕೆ ಆಗಲ್ಲ. ಸ್ಕ್ರೈಬ್, ಅಂದರೆ ನಾನು ಹೇಳಿದ್ದನ್ನು ಬರೆಯುವವರು ಬೇಕು ಅಂತ ಕೇಳಿದರೆ ಕಾಲೇಜಿನವರು “ನಿನಗೆ ಸ್ವಲ್ಪ ಕಾಣುತ್ತಲ್ಲ” ಅಂತಾರೆ. ಮತ್ತೆ ಮತ್ತೆ ಕೇಳೋಕೆ ಮುಜುಗರ. ಏನು ಮಾಡಲಿ?

ಉತ್ತರ: ನೋಡಮ್ಮ, ಆ ಮಾತು ಕೇಳಿ ಕೇಳಿ ನಾನೂ ಬೇಸತ್ತವನೇ. ಬಿ.ಎ. ಓದುವಾಗ ಹಾಳೆಗೆ ಮೂಗು ತಾಗಿಸಿದರೆ ಮಾತ್ರ ನನಗೆ ಅಕ್ಷರ ಕಾಣುತ್ತಿತ್ತು. ಒಂದು ಟೆಸ್ಟ್‌ಗೆ ಪಕ್ಕದ ಮನೆ ಹುಡುಗನನ್ನು ಬರೆಯಲು ಕರೆದುಕೊಂಡು ಹೋದೆ. ನಾನು ‘ಹಳಗನ್ನಡ’ ಅಂದರೆ ಅವನು ‘ಅಳಗನ್ನಡ’ ಅಂತ ಬರೆದ. ಪೇಪರ್ ಪೂರ್ತಿ ಹಾಗೇ. ನಮ್ಮ ಕಡೆ ಹ-ಕಾರಕ್ಕೆ ಆಯಸ್ಸು ಕಡಿಮೆ, ಅಲ್ವಾ? ಮೇಷ್ಟ್ರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಆಮೇಲೆ ಒಂದು ವರ್ಷ ನಾನು ಯಾರನ್ನೂ ಏನೂ ಕೇಳಲಿಲ್ಲ. ಆ ವರ್ಷ ಎರಡು ವಿಷಯ ಹೋದವು.

ನಿನ್ನ ಕೈಯಲ್ಲಿ ಕಾರ್ಡಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಶೇ. 40 ಇದ್ದವರಿಗೆ ಮೂರು ಗಂಟೆಯ ಪತ್ರಿಕೆಗೆ ಕನಿಷ್ಠ ಒಂದು ಗಂಟೆ ಹೆಚ್ಚುವರಿ ಸಮಯವಿದೆ, ಸ್ಕ್ರೈಬ್ ಇಲ್ಲದಿದ್ದರೂ. ಮೊದಲು ಅದನ್ನು ಕೇಳು. ದೊಡ್ಡಕ್ಷರದ ಪ್ರಶ್ನೆಪತ್ರಿಕೆಯನ್ನೂ ಕೇಳು. ಸ್ಕ್ರೈಬ್‌ಗೆ, ಬರೆಯುವುದು ಕಷ್ಟ ಎಂದು ಸರ್ಕಾರಿ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಕೊಡುವ ಪ್ರಮಾಣಪತ್ರ ಬೇಕಾಗುತ್ತದೆ. ಶೇ. 40 ಮುಟ್ಟದವರಿಗೂ ಸ್ಕ್ರೈಬ್ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಬರೆಯಲು ಹೋದರೆ ಕೈ ಸೆಟೆದುಕೊಳ್ಳುತ್ತಿದ್ದ ಅಭ್ಯರ್ಥಿಯೊಬ್ಬರ ಕೇಸು ಅದು. ಹೀಗಿರುವಾಗ “ಸ್ವಲ್ಪ ಕಾಣುತ್ತಲ್ಲ” ಅನ್ನೋದು ಉತ್ತರವೇ ಅಲ್ಲ.

ಬಾಯಲ್ಲಿ ಕೇಳಬೇಡ. ಅರ್ಜಿ ಬರೆದು, ಕಾರ್ಡಿನ ಜೆರಾಕ್ಸ್ ಲಗತ್ತಿಸಿ, ಸ್ವೀಕೃತಿ ಸೀಲ್ ಹಾಕಿಸಿಕೋ. ಮುಜುಗರ ಅರ್ಧ ಅಲ್ಲೇ ಇಳಿಯುತ್ತದೆ, ಕಾಗದ ನಿನ್ನ ಪರವಾಗಿ ಮಾತಾಡುತ್ತೆ.

ಇನ್ನೊಂದು. ನಿನ್ನದೇ ಸ್ಕ್ರೈಬ್ ತಂದರೆ, 2018ರ ಮಾರ್ಗಸೂಚಿಯಂತೆ ಅವರ ಓದು ನಿನಗಿಂತ ಒಂದು ಹಂತ ಕೆಳಗಿರಬೇಕು. ಪಿಯುಸಿ ಹುಡುಗಿ ಸಿಕ್ಕರೆ ಎರಡು ಭಾನುವಾರ ಕೂರಿಸಿಕೊಂಡು ಹಳೇ ಪ್ರಶ್ನೆಪತ್ರಿಕೆ ಬರೆಸು. ಲೆಡ್ಜರಿಗೆ ಗೆರೆ ಹಾಕೋಕೆ ಬರುತ್ತಾ ನೋಡು. ಡೆಬಿಟ್ ಎಡಕ್ಕೋ ಬಲಕ್ಕೋ ಅಂತ ಪರೀಕ್ಷೆ ದಿನ ಕಲಿಸೋಕಾಗಲ್ಲ.

ನೋಟ್ಸನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿಸಿ ಕೊಡಲು ಮೇಷ್ಟ್ರನ್ನು ಕೇಳು. ಎನ್‌ವಿಡಿಎ ಅನ್ನೋ ತಂತ್ರಾಂಶ ಉಚಿತ, ಕಂಪ್ಯೂಟರ್ ಪರದೆ ಮೇಲಿನ ಕನ್ನಡವನ್ನೂ ಓದಿ ಹೇಳುತ್ತದೆ. ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಫೈಲ್ ಕೊಟ್ಟರೆ ಮಾತ್ರ ಏನೇನೋ ಒದರುತ್ತೆ.

ಪರೀಕ್ಷೆ ದಿನ ಆ ಹುಡುಗಿಗೆ ಮೊದಲು ತಿಂಡಿ ಕೊಡಿಸು. ನನ್ನವನು ಹಸಿದು ಕೂತಿದ್ದ.