ಕಂಪ್ಯೂಟರ್ ಸೈನ್ಸ್ ಮೇಷ್ಟ್ರಿಗೆ ಊರಿನ ಉಸಾಬರಿ ಯಾಕೆ?

ನೀವು ಕೇಳಿದ್ದು ಇಷ್ಟು: "ನಾನು ವಿರಾಜಪೇಟೆ ಕಡೆಯವನು, ಎಂ.ಟೆಕ್ ಮುಗಿಸುತ್ತಿದ್ದೇನೆ. ನಿಮ್ಮ ಪರಿಚಯದಲ್ಲಿ ಅಲ್ಗಾರಿದಮ್, ಸಾರ್ವಜನಿಕ ವಿಚಾರ, ನಗರಗಳು ಅಂತ ಮೂರು ಆಸಕ್ತಿ ಹಾಕಿದ್ದೀರಿ. ಮೂರೂ ಬೇರೆ ಬೇರೆ ಅಲ್ವಾ ಸರ್? ಕೊಡಗಿನಲ್ಲಿ ಕೂತು ನಗರದ ಬಗ್ಗೆ ಏನು ಕೆಲಸ ಮಾಡುತ್ತೀರಿ? ಪಿಎಚ್‌ಡಿ ಮಾಡುವವರು ಇದಕ್ಕೆಲ್ಲ ಕೈ ಹಾಕಿದರೆ ಸಂಶೋಧನೆ ಹಾಳಾಗಲ್ವಾ?"

ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಹಾಳಾಗಬಹುದು. ದಿನಾ ಒಂದು ಸಭೆ, ವಾರಕ್ಕೊಂದು ಪತ್ರಿಕಾ ಹೇಳಿಕೆ ಅಂತ ಓಡಾಡಿದರೆ ಖಂಡಿತ ಹಾಳಾಗುತ್ತದೆ. ನಾನು ಹೇಳುತ್ತಿರುವುದು ಅದಲ್ಲ. ನನಗೆ ಈ ಮೂರೂ ಒಂದೇ ಕೆಲಸ. ಅಲ್ಗಾರಿದಮ್, ಅಂದರೆ ಲೆಕ್ಕ ಬಿಡಿಸುವ ಹಂತ ಹಂತದ ವಿಧಾನ, ಶುರುವಾಗುವುದಕ್ಕೆ ಮೊದಲೇ ಯಾರೋ ಒಬ್ಬರು ಎರಡು ವಿಷಯ ತೀರ್ಮಾನ ಮಾಡಿರುತ್ತಾರೆ: ಏನನ್ನು ಎಣಿಸಬೇಕು, ಯಾವುದನ್ನು ಕಡಿಮೆ ಮಾಡಬೇಕು. ಆ ತೀರ್ಮಾನ ಸಾರ್ವಜನಿಕ ವಿಚಾರ. ಉಳಿದಿದ್ದು ನಮ್ಮ ಗಣಿತ.

ಆಂಬುಲೆನ್ಸ್ ವಿಷಯವನ್ನೇ ತೆಗೆದುಕೊಳ್ಳಿ. ಜಿಲ್ಲೆಗೆ ನಾಲ್ಕೇ ಗಾಡಿ ಸಿಕ್ಕಿವೆ ಅಂದುಕೊಳ್ಳೋಣ. ಇದು ಸುಮ್ನೆ ಲೆಕ್ಕಕ್ಕೆ, ನಿಜವಾದ ಸಂಖ್ಯೆ ಅಲ್ಲ. ಎಲ್ಲೆಲ್ಲಿ ನಿಲ್ಲಿಸಬೇಕು? ಸರಾಸರಿ ಸಮಯ ಕಡಿಮೆ ಆಗಬೇಕು ಅಂದರೆ ಗಾಡಿಗಳು ಜನ ಜಾಸ್ತಿ ಇರುವಲ್ಲಿಗೆ ಹೋಗುತ್ತವೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ. ಕಾಗದದ ಮೇಲೆ ಸರಾಸರಿ ಚೆಂದ ಕಾಣುತ್ತದೆ. ಪಶ್ಚಿಮದ ತುದಿಯ ಕರಿಕೆಯವರು, ದಕ್ಷಿಣದ ಕುಟ್ಟದವರು, ಉತ್ತರದ ಕೊಡ್ಲಿಪೇಟೆಯವರು ದಾರಿ ಕಾಯುತ್ತಾ ಕೂರುತ್ತಾರೆ. ಬದಲಿಗೆ, ಎಲ್ಲರಿಗಿಂತ ದೂರದಲ್ಲಿರುವವರು ಕಾಯುವ ಸಮಯ ಕಡಿಮೆ ಮಾಡಿ ಅಂದರೆ ಉತ್ತರವೇ ಬೇರೆ. ಕಂಪ್ಯೂಟರ್ ಸೈನ್ಸ್‌ನವರು ಮೊದಲನೆಯದಕ್ಕೆ ಕೆ-ಮೀಡಿಯನ್ ಅಂತಾರೆ, ಎರಡನೆಯದಕ್ಕೆ ಕೆ-ಸೆಂಟರ್. ಕೆ ಅಂದರೆ ಇಲ್ಲಿ ಗಾಡಿಗಳ ಸಂಖ್ಯೆ. ಎರಡೂ ಎನ್‌ಪಿ-ಹಾರ್ಡ್. ಅಂದರೆ ಎಲ್ಲ ಊರುಗಳಿಗೂ ಬೇಗನೆ ಸರಿಯುತ್ತರ ಕೊಡುವ ವಿಧಾನ ಯಾರ ಕೈಯಲ್ಲೂ ಇಲ್ಲ.

ಕೆ-ಸೆಂಟರ್‌ಗೆ ಒಂದು ಸರಳ ದಾರಿ ಇದೆ. 1985ರಲ್ಲಿ ಗೊಂಜಾಲೆಸ್ ಪ್ರಕಟಿಸಿದ್ದು. ಮೊದಲ ಗಾಡಿಯನ್ನು ಎಲ್ಲಾದರೂ ನಿಲ್ಲಿಸಿ, ಮಡಿಕೇರಿ ಅನ್ನೋಣ. ಎರಡನೆಯದನ್ನು ಅಲ್ಲಿಂದ ಅತಿ ದೂರದ ಊರಿನಲ್ಲಿ ನಿಲ್ಲಿಸಿ. ಮೂರನೆಯದು ಈ ಎರಡಕ್ಕೂ ದೂರ ಇರುವ ಊರಿನಲ್ಲಿ. ಹೀಗೇ ಮುಂದಕ್ಕೆ. ಇಷ್ಟು ಮಾಡಿದರೂ ಸಾಕು, ಯಾರೂ ಅತ್ಯುತ್ತಮ ವ್ಯವಸ್ಥೆಯ ಎರಡು ಪಟ್ಟಿಗಿಂತ ಜಾಸ್ತಿ ಕಾಯಬೇಕಾಗುವುದಿಲ್ಲ. ಇದಕ್ಕಿಂತ ಒಳ್ಳೆ ಗ್ಯಾರಂಟಿಯನ್ನು ಬೇಗನೆ ಕೊಡುವ ವಿಧಾನ ಬೇಕು ಅಂದರೆ ಪಿ ಮತ್ತು ಎನ್‌ಪಿ ಒಂದೇ ಅಂತ ಆಗಬೇಕು, ಅಂದರೆ ಸರಿಯೋ ತಪ್ಪೋ ಅಂತ ಬೇಗ ಪರೀಕ್ಷಿಸಬಹುದಾದ ಉತ್ತರವನ್ನೆಲ್ಲ ಬೇಗ ಹುಡುಕಲೂ ಬಹುದು ಅಂತ. ಅದನ್ನು ಯಾರೂ ತೋರಿಸಿಲ್ಲ. ತರಗತಿಯಲ್ಲಿ ಇಲ್ಲಿಗೆ ಪಾಠ ಮುಗಿಯುತ್ತದೆ.

ಕೊಡಗಿನಲ್ಲಿ ಮುಗಿಯುವುದಿಲ್ಲ. ಆ ಗ್ಯಾರಂಟಿಯ ಹಿಂದೆ ಒಂದು ಊಹೆ ಇದೆ: ಹೋಗುವುದಕ್ಕೆ ಹಿಡಿಯುವ ಸಮಯವೇ ಬರುವುದಕ್ಕೂ ಹಿಡಿಯುತ್ತದೆ ಅಂತ. ಘಾಟಿ ಹತ್ತುವ ಲೆಕ್ಕ ಬೇರೆ, ಇಳಿಯುವ ಲೆಕ್ಕ ಬೇರೆ ಅಂತ ನಮ್ಮ ಜೀಪ್ ಓಡಿಸುವವರಿಗೆಲ್ಲ ಗೊತ್ತು. ಈ ಊಹೆ ತಪ್ಪಿದ ಕೂಡಲೇ ಎರಡು ಪಟ್ಟಿನ ಗ್ಯಾರಂಟಿ ಉಳಿಯುವುದಿಲ್ಲ, ಸಮಸ್ಯೆ ನಿಜಕ್ಕೂ ಗಟ್ಟಿಯಾಗುತ್ತದೆ. ಮಳೆಗಾಲ ಬಂದರೆ ಇನ್ನೊಂದು ರಗಳೆ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ತುಂಬಿ ರಸ್ತೆ ಮೇಲೆ ನೀರು ಬಂತು ಅನ್ನುವುದು ಇಲ್ಲಿ ವರ್ಷ ವರ್ಷ ಕೇಳಿದ ಸುದ್ದಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಮಂಗಳೂರು ರಸ್ತೆಯೇ ಕಿತ್ತುಹೋಯಿತು. ಜೂನ್‌ನ ನಕ್ಷೆ ಆಗಸ್ಟ್‌ಗೆ ಬರುವುದಿಲ್ಲ. ಯಾವ ರಸ್ತೆ ಕೈಕೊಡುತ್ತದೆ ಅಂತ ಗೊತ್ತಿಲ್ಲದೆ ಗಾಡಿ ನಿಲ್ಲಿಸುವುದು ಹೇಗೆ? ನಾನು ತಲೆ ಕೆಡಿಸಿಕೊಂಡಿರುವ ಸಂಶೋಧನೆಯಲ್ಲಿ ದೊಡ್ಡ ಪಾಲು ಇದೇ. ಸಮಸ್ಯೆ ನನಗೆ ಸಿಕ್ಕಿದ್ದು ಇಲ್ಲಿಯ ರಸ್ತೆಯಿಂದ, ಜರ್ನಲ್‌ನಿಂದಲ್ಲ.

ಈಗ ಮತ್ತೆ ಸರಾಸರಿಗೆ ಬನ್ನಿ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಚದರ ಕಿಲೋಮೀಟರಿಗೆ 135 ಜನ. ರಾಜ್ಯದ ಲೆಕ್ಕ 319. ಬೆಂಗಳೂರು ನಗರ ಜಿಲ್ಲೆಯಲ್ಲಿ 4 ಸಾವಿರಕ್ಕೂ ಮೇಲೆ. ತಲಾ ಖರ್ಚು ಎಷ್ಟು, ಎಷ್ಟು ಜನಕ್ಕೆ ಅನುಕೂಲ ಅಂತ ಲೆಕ್ಕ ಹಾಕುವ ಯಾವ ಯೋಜನೆಯಲ್ಲೂ ಕೊಡಗು ಕೊನೆಗೆ ನಿಲ್ಲುತ್ತದೆ. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಸೂತ್ರವೇ ಹಾಗಿದೆ. 2019ರ ಜೂನ್‌ನಲ್ಲಿ ಜಿಲ್ಲೆಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಇಲ್ಲಿನ ಹುಡುಗರು ಟ್ವಿಟ್ಟರ್‌ನಲ್ಲಿ ಹ್ಯಾಷ್‌ಟ್ಯಾಗ್ ಓಡಿಸಿದರು, ನಿಮಗೂ ನೆನಪಿರಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಅದಕ್ಕಿಂತ ದೂರ. ಅಷ್ಟು ದೂರ ಹೋಗುವಷ್ಟರಲ್ಲಿ ರೋಗಿಯ ಗತಿ ಏನು ಅನ್ನುವುದು ಅವರ ಪ್ರಶ್ನೆ. ನನ್ನ ಭಾಷೆಯಲ್ಲಿ ಹೇಳಿದರೆ, ಕೆ-ಮೀಡಿಯನ್ ಬಿಡಿ, ಕೆ-ಸೆಂಟರ್ ಹಿಡಿಯಿರಿ ಅಂತ ಅವರು ಸರ್ಕಾರವನ್ನು ಕೇಳಿದ್ದು. ಇದರಲ್ಲಿ ಯಾವುದು ಸರಿ ಅಂತ ಗಣಿತ ಹೇಳುವುದಿಲ್ಲ. ಯಾವುದನ್ನು ಆರಿಸಿದರೆ ಯಾರಿಗೆ ಎಷ್ಟು ಬೀಳುತ್ತದೆ ಅಂತ ಮಾತ್ರ ಹೇಳುತ್ತದೆ. ಅಷ್ಟನ್ನಾದರೂ ಜನರಿಗೆ ಅರ್ಥ ಆಗುವ ಹಾಗೆ ಹೇಳಬೇಕಾದದ್ದು ನಮ್ಮ ಕೆಲಸ ಅಲ್ವಾ?

ನಗರ ಅಂದರೆ ನಮ್ಮ ಶಾಸ್ತ್ರಕ್ಕೆ ಹೊಸ ನೆಂಟಸ್ತನ ಏನಲ್ಲ. 1926ರಲ್ಲಿ ಬೊರೂವ್ಕಾ ಅನ್ನುವ ಚೆಕ್ ಗಣಿತಜ್ಞ ಮೊರಾವಿಯಾದ ಊರುಗಳಿಗೆ ಕಡಿಮೆ ತಂತಿಯಲ್ಲಿ ಕರೆಂಟ್ ಎಳೆಯುವುದು ಹೇಗೆ ಅಂತ ಯೋಚಿಸಿದರು. ಇವತ್ತು ಮಿನಿಮಮ್ ಸ್ಪ್ಯಾನಿಂಗ್ ಟ್ರೀ ಅಂತ ಎರಡನೇ ವರ್ಷದಲ್ಲಿ ಉರು ಹೊಡೆಸುತ್ತೇವಲ್ಲ, ಅದು ಹುಟ್ಟಿದ್ದು ಹಾಗೆ. ಡೈಕ್‌ಸ್ಟ್ರಾ 1956ರಲ್ಲಿ ತನ್ನ ಹತ್ತಿರದ ದಾರಿಯ ವಿಧಾನವನ್ನು ತೋರಿಸಿದ್ದೂ ನೆದರ್‌ಲೆಂಡ್ಸ್‌ನ 64 ಊರುಗಳ ನಕ್ಷೆಯ ಮೇಲೆ.

ಇನ್ನು ಸಾರ್ವಜನಿಕ ವಿಚಾರ ಅಂದಾಗ ನನಗೆ ಮೊದಲು ಹೊಳೆಯುವುದು ಪಹಣಿ. ನಗಬೇಡಿ. ಡೇಟಾಬೇಸ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಶಾನುಭೋಗರ ಕಾಲದಿಂದ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಏರಿದವು. ದೊಡ್ಡ ಕೆಲಸವೇ. ದುಡ್ಡು ಕಟ್ಟಿದರೆ ಕಿಟಕಿಯಲ್ಲಿ ಪಹಣಿ ಸಿಗುವ ಹಾಗಾಯಿತು. ಆದರೆ ಟೇಬಲ್‌ನಲ್ಲಿ ಒಂದು 9ನೇ ಕಾಲಂ ಇದೆ, ಮಾಲೀಕರ ಹೆಸರು. ಬಯಲುಸೀಮೆಯ ಜಮೀನಿಗೆ ಅದು ಸರಿ. ಅಪ್ಪ ಹೋದರೆ ಪೌತಿ ಖಾತೆ ಮಾಡಿಸಿ ಮಕ್ಕಳ ಹೆಸರು ಹತ್ತಿಸಿದರಾಯಿತು.

ನಮ್ಮ ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿ, ಹಾಗಲ್ಲ. ಗದ್ದೆ, ಅದಕ್ಕೆ ಅಂಟಿದ ಬಾಣೆ (ಮರಗಿಡಗಳ ಗುಡ್ಡದ ಜಾಗ), ಎರಡೂ ಒಕ್ಕದ್ದು, ಅಂದರೆ ಒಂದೇ ಮೂಲದ ಇಡೀ ಮನೆತನದ್ದು. ದಾಖಲೆಯಲ್ಲಿ ಪಟ್ಟೆದಾರನ ಹೆಸರಿರುತ್ತದೆ, ಜೊತೆಗೆ ಉಳಿದವರದ್ದು. ಪಟ್ಟೆದಾರ ಅಂದರೆ ಎಲ್ಲರ ಪರವಾಗಿ ನಿಲ್ಲುವ ಹಿರಿಯ, ಮಾಲೀಕ ಅಲ್ಲ. ತಲೆಮಾರು ಕಳೆದಂತೆ ಒಕ್ಕ ಬೆಳೆಯುತ್ತದೆ, ಹೆಸರು ಹಾಗೇ ಉಳಿಯುತ್ತದೆ. ಯಾವ ಮೂಲೆಯಲ್ಲಿ ಯಾರು ಕಾಫಿ ಹಾಕಿ ಅನುಭವಿಸುತ್ತಿದ್ದಾರೆ ಅನ್ನುವುದು ಒಕ್ಕದವರಿಗೆಲ್ಲ ಗೊತ್ತು, ಪಹಣಿಗೆ ಗೊತ್ತಿಲ್ಲ. ಬ್ಯಾಂಕಿಗೆ ಸಾಲಕ್ಕೆ ಹೋದಾಗ ಇದು ಎದುರಿಗೆ ಬರುತ್ತದೆ. ಎಲ್ಲರ ಒಪ್ಪಿಗೆ ತನ್ನಿ ಅಂತಾರೆ. ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ದುಬೈನಲ್ಲಿ, ಮತ್ತೊಬ್ಬರ ಜೊತೆ ಮಾತು ಬಿಟ್ಟು ಎಷ್ಟೋ ಕಾಲ ಆಗಿರುತ್ತದೆ. ಜಮ್ಮಾ ಬಾಣೆಗೆಂದೇ 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿಯೂ ಆಯಿತು. ಆದರೆ ತಕರಾರಿನ ಒಂದು ಬೇರು ನಮ್ಮ ಪಠ್ಯದಲ್ಲೇ ಇದೆ: ಒಬ್ಬ ಮಾಲೀಕ, ಒಂದು ತುಂಡು ಜಾಗ ಅನ್ನುವ ಮಾದರಿಗೆ ಹಕ್ಕುಗಳ ಒಂದು ಗೋಜಲನ್ನು ತುರುಕಿದ್ದು. ಕೋಡ್ ಬರೆದವರು ತಪ್ಪು ಮಾಡಿಲ್ಲ. ಸ್ಕೀಮಾ, ಅಂದರೆ ಡೇಟಾಬೇಸ್‌ನ ಟೇಬಲ್‌ಗಳ ನಕಾಶೆ, ಬರೆಯುವ ಹೊತ್ತಿಗೆ ಇಲ್ಲಿಯವರೊಬ್ಬರು ಮೇಜಿನ ಪಕ್ಕ ಕೂತಿರಬೇಕಿತ್ತು, ಅಷ್ಟೆ.

ಇದನ್ನು ನಾನು ತರಗತಿಯಲ್ಲಿ ಬಿಡಿಸಲು ಕೊಡುತ್ತೇನೆ. ಒಂದು ಒಕ್ಕದ ಹಕ್ಕುಗಳನ್ನು ಟೇಬಲ್‌ಗಳಲ್ಲಿ ಹಿಡಿಯಿರಿ ಅಂತ. ಹೊರಗಿನಿಂದ ಬಂದ ಮಕ್ಕಳು ಎರಡೇ ಟೇಬಲ್‌ನಲ್ಲಿ ಮುಗಿಸುತ್ತಾರೆ. ಇಲ್ಲಿನ ಮಕ್ಕಳು ಬರೆಯುತ್ತಲೇ ಇರುತ್ತಾರೆ.

ಕೊಡಗಿನಲ್ಲಿ ಕೂತು ನಗರ ಯಾಕೆ ಅಂದಿರಿ. ಬೆಂಗಳೂರಿನವರು ನಲ್ಲಿ ತಿರುಗಿಸಿದರೆ ಬರುವ ಕಾವೇರಿ ನೀರಿನಲ್ಲಿ ನಮ್ಮ ಮಳೆಯೂ ಇದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ಒಂದೇ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಮೇಲಕ್ಕೆತ್ತುವ ಯೋಜನೆ. ತಲಕಾವೇರಿ ಕಡೆಯ ಕಾಡಿಗೂ ಆ ಊರಿನ ನೀರಿನ ಬಿಲ್ಲಿಗೂ ಸಂಬಂಧ ಇದೆ. ನಮ್ಮ ವಿದ್ಯಾರ್ಥಿಗಳು ಕೆಲಸಕ್ಕೆ ಹೋಗುವುದೂ ಅಲ್ಲಿಗೇ. ಅಂಥ ನಗರದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯನ್ನು ಐದು ಭಾಗ ಮಾಡಿದರು. ವಾರ್ಡಿನ ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಗ್ರಾಫ್ ಪಾರ್ಟಿಷನಿಂಗ್‌ನ (ಒಂದು ಜಾಲವನ್ನು ತುಂಡುಗಳಾಗಿ ಹಂಚುವ) ಸಮಸ್ಯೆಯೂ ಹೌದು, ಅಪ್ಪಟ ರಾಜಕೀಯವೂ ಹೌದು.

ನಗರದ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಲೆಕ್ಕ ಒಂದಿದೆ. ಹೇಳದೆ ಇರಲಾರೆ. 1968ರಲ್ಲಿ ಬ್ರೇಸ್ ಅನ್ನುವ ಜರ್ಮನ್ ಗಣಿತಜ್ಞ ತೋರಿಸಿದ್ದು: ಹೊಸ ರಸ್ತೆ ಹಾಕಿದರೆ ಎಲ್ಲರಿಗೂ ತಡ ಆಗಬಹುದು. ಬೆಳಿಗ್ಗೆ 4,000 ಗಾಡಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ದಾರಿ ಎರಡು. ಪ್ರತಿ ದಾರಿಯಲ್ಲೂ ಒಂದು ಅಗಲದ ಭಾಗ, ಅದಕ್ಕೆ ಯಾವಾಗಲೂ 45 ನಿಮಿಷ. ಒಂದು ಇಕ್ಕಟ್ಟಿನ ಭಾಗ, ಅಲ್ಲಿ ಪ್ರತಿ 100 ಗಾಡಿಗೆ ಒಂದು ನಿಮಿಷ. ಒಂದು ದಾರಿಯಲ್ಲಿ ಇಕ್ಕಟ್ಟು ಮೊದಲು, ಇನ್ನೊಂದರಲ್ಲಿ ಕೊನೆಗೆ. ಗಾಡಿಗಳು ಅರ್ಧರ್ಧ ಹಂಚಿಕೊಂಡರೆ 20 ಮತ್ತು 45, ಒಟ್ಟು 65 ನಿಮಿಷ. ಈಗ ಎರಡೂ ದಾರಿಯ ನಡುವೆ, ಮೊದಲ ಇಕ್ಕಟ್ಟು ಮುಗಿಯುವಲ್ಲಿಂದ ಕೊನೆಯ ಇಕ್ಕಟ್ಟು ಶುರುವಾಗುವಲ್ಲಿಗೆ, ಸಮಯವೇ ಹಿಡಿಯದ ಒಂದು ಮೇಲ್ಸೇತುವೆ ಕಟ್ಟಿ. 45 ನಿಮಿಷದ ಭಾಗ ಯಾರಿಗೆ ಬೇಕು? ಎಲ್ಲರೂ ಎರಡೂ ಇಕ್ಕಟ್ಟಿನಲ್ಲೇ ನುಗ್ಗುತ್ತಾರೆ. 40 ಮತ್ತು 40, ಒಟ್ಟು 80. ದುಡ್ಡು ಸುರಿದು ಸೇತುವೆ ಕಟ್ಟಿ, ಎಲ್ಲರೂ 15 ನಿಮಿಷ ತಡ. ಯಾರೂ ಒಬ್ಬಂಟಿಯಾಗಿ ಹಳೆ ದಾರಿಗೆ ವಾಪಸ್ ಹೋಗುವುದಿಲ್ಲ, ಹೋದರೆ ಅವರಿಗೇ 85 ನಿಮಿಷ.

ಎಲ್ಲ ಮೇಲ್ಸೇತುವೆಯೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಕಟ್ಟುವ ಮುಂಚೆ ಈ ಲೆಕ್ಕ ಹಾಕಿದಿರಾ ಅಂತ ಕೇಳುವ ಹಕ್ಕು ತೆರಿಗೆ ಕಟ್ಟುವವರಿಗೆ ಇದೆ, ಕೇಳಲು ಬೇಕಾದ ಲೆಕ್ಕ ನಮ್ಮ ಹತ್ತಿರ ಇದೆ.

ಮಡಿಕೇರಿಯೂ ನಗರವೇ, ಮರೆಯಬೇಡಿ. 2011ರಲ್ಲಿ 33,381 ಜನ. ವಾರಾಂತ್ಯದಲ್ಲಿ ರಾಜಾಸೀಟ್ ಕಡೆ ಹೋಗಿ ನೋಡಿದರೆ ಯಾರೂ ಆ ಅಂಕಿ ನಂಬುವುದಿಲ್ಲ. ಕಸ, ನೀರು, ಪಾರ್ಕಿಂಗ್ ಎಲ್ಲಕ್ಕೂ ಲೆಕ್ಕ ಮಾತ್ರ ಆ ಅಂಕಿಯದ್ದೇ. ದಸರಾ ರಾತ್ರಿ ಹತ್ತು ಮಂಟಪಗಳು ಆ ಬೀದಿಗಳಲ್ಲಿ ಬರುತ್ತವಲ್ಲ, ಒಂದು ಮುಂದೆ ಸರಿಯದೆ ಇನ್ನೊಂದು ಅಲ್ಲಾಡುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ಪಾಠದ ಡೆಡ್‌ಲಾಕ್ ಕಣ್ಣೆದುರಿಗೇ ಇರುತ್ತದೆ. (ನಮ್ಮ ಮಕ್ಕಳು ಅದನ್ನು ನೋಡುವ ಹೊತ್ತಿಗೆ ಪಾಠ ನೆನಪಿರುವ ಸ್ಥಿತಿಯಲ್ಲಿರುವುದಿಲ್ಲ, ಅದು ಬೇರೆ ಮಾತು.) 2015ರ ಸ್ಮಾರ್ಟ್ ಸಿಟಿ ಯೋಜನೆಗೆ ದೇಶದ 100 ನಗರ ಆರಿಸಿದರು, ಮಡಿಕೇರಿಯಂಥ ಊರು ಅದರ ಲೆಕ್ಕಕ್ಕೇ ಬರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ದೊಡ್ಡ ಪರದೆಯ ಮೇಲೆ ಬಣ್ಣದ ಗ್ರಾಫ್ ಮಿನುಗಿಸುವ ಡ್ಯಾಷ್‌ಬೋರ್ಡ್‌ಗಳ ಮೇಲೆ ನಂಬಿಕೆ ಕಡಿಮೆ. ಚರಂಡಿ ಎಲ್ಲಿದೆ ಅನ್ನುವ ಸರಿಯಾದ ನಕ್ಷೆ ಒಂದಿದ್ದರೆ ಅದೇ ದೊಡ್ಡದು.

ಪಿಎಚ್‌ಡಿಗೆ ಬರುತ್ತೇನೆ. ಈ ಕಡೆ ಬರುವ ಮನಸ್ಸಿದ್ದರೆ ಮೊದಲು ಗ್ರಾಫ್ ಥಿಯರಿ, ಸಂಭವನೀಯತೆ, ಅಪ್ರಾಕ್ಸಿಮೇಷನ್ ಅಲ್ಗಾರಿದಮ್ (ಅತ್ಯುತ್ತಮಕ್ಕೆ ಹತ್ತಿರದ ಉತ್ತರ ಕೊಡುವ ವಿಧಾನ) ಗಟ್ಟಿ ಮಾಡಿಕೊಳ್ಳಿ. ಸಮಾಜದ ಕಾಳಜಿ ಇದೆ ಅಂತ ಯಾರೂ ಪ್ರಮೇಯದ ತಪ್ಪನ್ನು ಮನ್ನಿಸುವುದಿಲ್ಲ. ಗೈಡ್ ಹುಡುಕುವಾಗ ಅವರ ಕೊನೆಯ ನಾಲ್ಕಾರು ಪ್ರಬಂಧ ಓದಿ, ಸಮಸ್ಯೆಯನ್ನು ಅವರು ಎಲ್ಲಿಂದ ಎತ್ತಿಕೊಂಡಿದ್ದಾರೆ ಅಂತ ನೋಡಿ. ಇನ್ನೊಂದು: ಕಚೇರಿಯಿಂದ ಅಂಕಿಅಂಶ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕುವುದನ್ನು ಕಲಿಯಿರಿ. ಉತ್ತರಕ್ಕೆ 30 ದಿನ ಕಾಯಬೇಕು, ಬಂದ ಕಾಗದ ಸ್ಕ್ಯಾನ್ ಆಗಿ ಓರೆಯಾಗಿರುತ್ತದೆ, ಅದನ್ನು ಕೂತು ಟೈಪ್ ಮಾಡಬೇಕಾಗುತ್ತದೆ. ಬೇಜಾರಿನ ಕೆಲಸ, ಆದರೆ ಯಾವ ಊರಿನ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿದೆ ಅಂತ ಕಣ್ಣಿಗೆ ಬೀಳುವುದು ಆಗಲೇ. ನೀವು ವಿರಾಜಪೇಟೆಯವರು ಅಂದಿರಲ್ಲ, ಮಾಕುಟ್ಟ ರಸ್ತೆ ಮಳೆಗಾಲದಲ್ಲಿ ಯಾವ ಯಾವ ವರ್ಷ ಎಷ್ಟು ದಿನ ಬಂದ್ ಆಗಿತ್ತು ಅನ್ನುವ ಪಟ್ಟಿಯಿಂದಲೇ ಶುರು ಮಾಡಬಹುದು. ಸಿಕ್ಕಿದರೆ ನನಗೂ ಒಂದು ಪ್ರತಿ ಕಳಿಸಿ.