ವಿವಿಟಿ ವಾಲ್ವ್ ಮನೆಯಲ್ಲೇ ತೊಳೆಯಬಹುದೇ? ಮೊದಲು ಆಯಿಲ್ ನೋಡಿ

ಪ್ರಶ್ನೆ: ನನ್ನ ಊರು ಶಿರಸಿ ಹತ್ತಿರ. ಎಂಟು ವರ್ಷ ಹಳೆಯ ಪೆಟ್ರೋಲ್ ಕಾರಿದೆ. ಕುಮಟಾದಿಂದ ವಾಪಸ್ ಬರುವಾಗ ದೇವಿಮನೆ ಘಟ್ಟದಲ್ಲಿ ಪಿಕಪ್ಪೇ ಇರುವುದಿಲ್ಲ. ಮೈಲೇಜೂ ಇಳಿದಿದೆ. ಚೆಕ್ ಇಂಜಿನ್ ಲೈಟ್ ಬಂತು, ಸ್ಕ್ಯಾನ್ ಮಾಡಿಸಿದರೆ ಪಿ 0012 ಅಂತ ತೋರಿಸಿತು. ಇಂಜಿನ್ ಸದ್ದು ಜಾಸ್ತಿ ಅಂತ ಕಳೆದ ಸಲ 20ಡಬ್ಲ್ಯೂ-50 ಆಯಿಲ್ ಹಾಕಿಸಿದ್ದೆ. ಈಗ ವಿವಿಟಿ ಹೋಗಿದೆ, ದೊಡ್ಡ ಖರ್ಚು ಬರುತ್ತೆ ಅಂತಿದ್ದಾರೆ. ಮನೆಯಲ್ಲೇ ಏನಾದರೂ ಮಾಡಬಹುದಾ ಸರ್?

ಉತ್ತರ: ಮಾಡಬಹುದು. ಆದರೆ ಕೋಡಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದಿದ್ದು ನೀವು ಹಾಕಿಸಿದ ದಪ್ಪ ಆಯಿಲ್. ವಿವಿಟಿ ಅಂದರೆ ವೇರಿಯಬಲ್ ವಾಲ್ವ್ ಟೈಮಿಂಗ್, ಇಂಜಿನ್ನಿನ ವಾಲ್ವ್ ತೆರೆಯುವ ಹೊತ್ತನ್ನು ಬದಲಿಸುವ ವ್ಯವಸ್ಥೆ. ಅದು ನಡೆಯುವುದೇ ಇಂಜಿನ್ ಆಯಿಲ್ ಒತ್ತಡದಿಂದ.

ವಾಲ್ವ್‌ಗಳನ್ನು ಒತ್ತಿ ತೆರೆಯುವ ದಂಡವೇ ಕ್ಯಾಮ್‌ಶಾಫ್ಟ್. ಅದರ ತುದಿಯಲ್ಲಿ ಫೇಸರ್ ಅಂತ ಒಂದು ದುಂಡನೆಯ ಭಾಗ ಇರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ವಿವಿಟಿ ಗೇರ್ ಅಂತಾರೆ. ಟೈಮಿಂಗ್ ಚೈನ್ ಇದನ್ನು ತಿರುಗಿಸುತ್ತದೆ. ಇದರೊಳಗಿನ ಸಣ್ಣ ಸಣ್ಣ ಕೋಣೆಗಳಿಗೆ ಆಯಿಲ್ ನುಗ್ಗಿದಾಗ ಕ್ಯಾಮ್‌ಶಾಫ್ಟ್ ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ. ವಾಲ್ವ್ ತೆರೆಯುವ ಹೊತ್ತು ಬದಲಾಗುವುದು ಹೀಗೆ. ಆಯಿಲ್ ಯಾವ ಕಡೆ ಹೋಗಬೇಕು ಅಂತ ನಿರ್ಧರಿಸುವುದು ಆಯಿಲ್ ಕಂಟ್ರೋಲ್ ವಾಲ್ವ್. ವಿವಿಟಿ ವಾಲ್ವ್ ಅನ್ನುವುದು ಇದನ್ನೇ. ಅಡಿಕೆ ತೋಟದಲ್ಲಿ ಒಂದು ಕಾಲುವೆಗೆ ಮಣ್ಣು ಕಟ್ಟಿ ಇನ್ನೊಂದಕ್ಕೆ ನೀರು ಬಿಡುತ್ತೀರಲ್ಲ, ಅದೇ ಕೆಲಸ ಇದರದ್ದು. ಇಂಜಿನ್ ಕಂಪ್ಯೂಟರ್ ಕರೆಂಟ್ ಕೊಟ್ಟಾಗ ಒಳಗಿನ ಸ್ಪೂಲ್ ಅನ್ನುವ ಸಣ್ಣ ಕಡ್ಡಿ ಆಚೀಚೆ ಜಾರುತ್ತದೆ. ಟೊಯೋಟಾದ ವಿವಿಟಿ-ಐ ಇರಲಿ, ಹ್ಯುಂಡೈನ ವಿಟಿವಿಟಿ ಇರಲಿ, ಮಾರುತಿಯ ವಿವಿಟಿ ಇರುವ ಕೆ ಸೀರೀಸ್ ಇರಲಿ, ಮೂಲ ಕ್ರಮ ಇದೇ.

ಪಿ 0012 ಅಂದರೆ ಇನ್‌ಟೇಕ್ ಕ್ಯಾಮ್, ಅಂದರೆ ಗಾಳಿ ಒಳಗೆ ಬಿಡುವ ವಾಲ್ವ್‌ಗಳ ಕ್ಯಾಮ್‌ಶಾಫ್ಟ್, ಇರಬೇಕಾದ್ದಕ್ಕಿಂತ ಹಿಂದೆ ಉಳಿದಿದೆ ಅಂತ. ಕಡಿಮೆ ಆರ್‌ಪಿಎಮ್‌ನಲ್ಲಿ ಎಳೆಯುವ ಶಕ್ತಿ ಹೋಗುತ್ತದೆ. ಘಟ್ಟದ ತಿರುವಿನಲ್ಲಿ ಬೇಕಾಗುವುದೇ ಆ ಶಕ್ತಿ, ಅಲ್ವಾ? ಪಿ 0011 ಬಂದಿದ್ದರೆ ಕಥೆ ಬೇರೆ ಇರುತ್ತಿತ್ತು. ಆಗ ಕ್ಯಾಮ್ ಅತಿಯಾಗಿ ಮುಂದೆ ಸರಿದು ಸಿಕ್ಕಿಕೊಂಡಿರುತ್ತದೆ, ಐಡ್ಲಿಂಗ್‌ನಲ್ಲಿ ಗಾಡಿ ನಡುಗುತ್ತದೆ, ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ.

ಇನ್ನು ಆಯಿಲ್ ವಿಷಯ. ಈಗಿನ ಸಣ್ಣ ಪೆಟ್ರೋಲ್ ಇಂಜಿನ್‌ಗಳಿಗೆ ಕಂಪನಿಯವರು ಹೇಳುವುದು ಸಾಮಾನ್ಯವಾಗಿ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30. ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನೇ ಹಾಕಿ. ವಾಲ್ವಿನ ಸಣ್ಣ ದಾರಿಗಳಲ್ಲಿ 20ಡಬ್ಲ್ಯೂ-50 ಬೇಗ ಹರಿಯುವುದಿಲ್ಲ, ಬೆಳಗಿನ ಚಳಿಯಲ್ಲಂತೂ ಇನ್ನೂ ನಿಧಾನ. ಕಂಪ್ಯೂಟರ್ ಹೇಳಿದ ಜಾಗಕ್ಕೆ ಕ್ಯಾಮ್ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಕೋಡ್ ಬೀಳುತ್ತದೆ. ಸದ್ದು ಅಡಗಿಸಲು ದಪ್ಪ ಆಯಿಲ್ ಹಾಕುವ ಅಭ್ಯಾಸ ಹಳೆಯ ಗಾಡಿಗಳ ಕಾಲದ್ದು. ವಿವಿಟಿ ಇರುವ ಇಂಜಿನ್‌ಗೆ ಅದು ಆಗಿಬರುವುದಿಲ್ಲ.

ಲೆವೆಲ್ ಕೂಡ ನೋಡಿ. ನಮ್ಮ ಮಲೆನಾಡಿನಲ್ಲಿ ಕಾರು ನಿಲ್ಲಿಸುವ ಜಾಗ ಹೆಚ್ಚಾಗಿ ಇಳಿಜಾರು. ಅಲ್ಲಿ ಡಿಪ್‌ಸ್ಟಿಕ್ ತೆಗೆದರೆ ಸುಳ್ಳು ಹೇಳುತ್ತದೆ. ಸಮತಟ್ಟಾದ ರಸ್ತೆಗೆ ತನ್ನಿ, ಇಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ನೋಡಿ. ಆಯಿಲ್ ಕಡಿಮೆ ಇದ್ದರೂ ಇದೇ ಕೋಡ್ ಬರಬಹುದು.

ಸರಿಯಾದ ಆಯಿಲ್, ಹೊಸ ಫಿಲ್ಟರ್ ಹಾಕಿ, ಕೋಡ್ ಅಳಿಸಿ, ಒಂದೆರಡು ವಾರ ಓಡಿಸಿ. ಮತ್ತೆ ಬಂದರೆ ಮಾತ್ರ ವಾಲ್ವಿಗೆ ಕೈ ಹಾಕಿ.

ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ಕಳಚಿ. ಹೆಚ್ಚಿನ ಕಾರುಗಳಲ್ಲಿ ಈ ವಾಲ್ವ್ ಇಂಜಿನ್ನಿನ ಮೇಲ್ಭಾಗದಲ್ಲಿ, ಟೈಮಿಂಗ್ ಚೈನ್ ಇರುವ ಬದಿಗೆ ಇರುತ್ತದೆ. ಎರಡು ವೈರಿನ ಸಾಕೆಟ್, ಹಿಡಿದುಕೊಳ್ಳಲು ಒಂದು ಬೋಲ್ಟ್, ಬಹಳ ಸಲ 10ರ ಪಾನಾ ಸಾಕು. ಬಿಚ್ಚುವ ಮೊದಲು ಸುತ್ತಲಿನ ಮಣ್ಣು, ಜಿಡ್ಡು ಒರೆಸಿ. ಇಲ್ಲದಿದ್ದರೆ ಅದೆಲ್ಲ ನೇರ ಇಂಜಿನ್ ಒಳಗೆ. ಕೆಳಗೆ ಆಲ್ಟರ್ನೇಟರ್ ಇದ್ದರೆ ಬಟ್ಟೆ ಹಾಸಿ, ಸ್ವಲ್ಪ ಆಯಿಲ್ ಇಳಿದೇ ಇಳಿಯುತ್ತದೆ. ಸಾಕೆಟ್ಟಿನ ಲಾಕ್ ಒತ್ತಿ ತೆಗೆಯಿರಿ, ವೈರ್ ಹಿಡಿದು ಎಳೆಯಬೇಡಿ. ಬೋಲ್ಟ್ ತೆಗೆದ ಮೇಲೆ ವಾಲ್ವನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ನಿಧಾನಕ್ಕೆ ಎತ್ತಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಪ್ಲಾಸ್ಟಿಕ್ ಒಡೆಯುತ್ತದೆ.

ಹೊರಗೆ ಬಂದ ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ. ಅವಸರ ಬೇಡ, ರೋಗ ಏನು ಅಂತ ಗೊತ್ತಾಗುವುದು ಇಲ್ಲೇ. ಕೆಲವು ವಾಲ್ವ್‌ಗಳ ಮೈಗೆ ಸಣ್ಣ ಜಾಲರಿ ಸುತ್ತಿರುತ್ತದೆ. ಕೆಲವು ಇಂಜಿನ್‌ಗಳಲ್ಲಿ ಜಾಲರಿ ಬೇರೆ ಬೋಲ್ಟಿನ ಹಿಂದೆ ಇರುತ್ತದೆ. ಜಾಲರಿಯಲ್ಲಿ ಕಪ್ಪು ಅಂಟು ಕೂತಿದ್ದರೆ ಆಯಿಲ್ ಬದಲಿಸಲು ತಡವಾಗಿತ್ತು ಅಂತ ಅರ್ಥ. ಬೂದು ಅಥವಾ ಕೆಂಪು ಬಣ್ಣದ ರಬ್ಬರಿನಂಥ ಎಳೆ ಸಿಕ್ಕರೆ ಅದು ಹಿಂದೆ ಯಾರೋ ಇಂಜಿನ್ ಕವರಿಗೆ ಧಾರಾಳವಾಗಿ ಬಳಿದ ಸೀಲೆಂಟ್ ಪೇಸ್ಟ್. ಮಿಣಮಿಣ ಹೊಳೆಯುವ ಲೋಹದ ಪುಡಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಒಳಗೆ ಯಾವುದೋ ಭಾಗ ಸವೆಯುತ್ತಿದೆ, ವಾಲ್ವ್ ತೊಳೆದು ಪ್ರಯೋಜನವಿಲ್ಲ, ನುರಿತ ಮೆಕ್ಯಾನಿಕ್ ನೋಡಲೇಬೇಕು.

ತೊಳೆಯುವ ಮೊದಲು ಪರೀಕ್ಷೆ ಮುಗಿಸಿಬಿಡಿ. ಮಲ್ಟಿಮೀಟರಿನಲ್ಲಿ ಎರಡು ಪಿನ್ನುಗಳ ನಡುವೆ ಅಳೆದರೆ ಬಹಳಷ್ಟು ವಾಲ್ವ್‌ಗಳಲ್ಲಿ 7ರಿಂದ 12 ಓಮ್ ಒಳಗೆ ಬರುತ್ತದೆ. ಏನೂ ತೋರಿಸದಿದ್ದರೆ ಒಳಗಿನ ಕಾಯಿಲ್ ಕಡಿದಿದೆ, ಹೊಸ ವಾಲ್ವೇ ಗತಿ. ಓಮ್ ಸರಿ ಇದ್ದರೆ, ನಡುವೆ ಒಂದು ಫ್ಯೂಸ್ ಇರುವ ವೈರಿನಿಂದ 12 ವೋಲ್ಟ್ ಕೊಟ್ಟು ನೋಡಿ. ಒಂದು ಸೆಕೆಂಡ್ ಸಾಕು, ಜಾಸ್ತಿ ಹೊತ್ತು ಹಿಡಿದರೆ ಕಾಯಿಲ್ ಸುಡುತ್ತದೆ. ಪಕ್ಕದ ಕಿಂಡಿಯಲ್ಲಿ ಸ್ಪೂಲ್ ಟಕ್ ಅಂತ ಜಾರಬೇಕು, ಬಿಟ್ಟ ಕೂಡಲೇ ಸ್ಪ್ರಿಂಗ್ ಅದನ್ನು ವಾಪಸ್ ತಳ್ಳಬೇಕು. ಸೋಮಾರಿಯಂತೆ ಜಾರಿದರೆ, ಅರ್ಧಕ್ಕೆ ನಿಂತರೆ, ಅಂಟು ಹಿಡಿದಿದೆ.

ಆಮೇಲೆ ವಾಲ್ವಿನ ಸುತ್ತಲಿನ ರಬ್ಬರ್ ಬಳೆ, ಅಂದರೆ ಓ-ರಿಂಗ್, ಮೊದಲು ತೆಗೆದಿಡಿ, ಯಾಕೆಂದರೆ ಕ್ಲೀನರ್ ರಬ್ಬರನ್ನು ತಿನ್ನುತ್ತದೆ. ನಂತರ ಕಾರ್ಬ್ ಕ್ಲೀನರ್ (ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ) ಹೊಡೆಯಿರಿ. ಬಯಲಲ್ಲೇ ಮಾಡಿ, ಬೀಡಿ, ಒಲೆ, ಕಿಡಿ ಹತ್ತಿರ ಇರಬಾರದು. ಕನ್ನಡಕ ಹಾಕಿಕೊಳ್ಳಿ. ಕಿಂಡಿಗಳಿಂದ ಹೊರಗೆ ಬರುವ ದ್ರವ ತಿಳಿಯಾಗುವವರೆಗೆ ತೊಳೆಯಿರಿ. ತಂತಿ ಬ್ರಷ್ಷು, ಸೂಜಿ, ಮರಳು ಕಾಗದ ಯಾವುದೂ ಬೇಡ. ಸ್ಪೂಲಿನ ಮೇಲೆ ಒಂದು ಗೀರು ಬಿದ್ದರೂ ಮತ್ತೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಒಣಗಿ, ಆವಿ ವಾಸನೆ ಹೋಗುವವರೆಗೆ ಮತ್ತೆ ಕರೆಂಟ್ ಕೊಡಬೇಡಿ, ಬೆಂಕಿ ಹತ್ತುತ್ತದೆ. ಜಾಲರಿ ಹರಿದಿದ್ದರೆ ಅದನ್ನು ಕಿತ್ತೆಸೆದು ಹಾಗೇ ಹಾಕುವುದಲ್ಲ, ಭಾಗವನ್ನೇ ಬದಲಿಸಿ.

ಓ-ರಿಂಗ್ ಹೊಸದು ಹಾಕಿ. ಪಂಪ್ ಅಂಗಡಿಯ ನೀರಿನ ಪೈಪ್ ರಿಂಗ್ ಬೇಡ, ಆಯಿಲ್ ಮತ್ತು ಬಿಸಿ ತಡೆಯುವ ರಿಂಗೇ ಬೇಕು. ಅದಕ್ಕೆ ಹೊಸ ಇಂಜಿನ್ ಆಯಿಲ್ ಸವರಿ ಕೂರಿಸಿ. ಪೇಸ್ಟ್ ಬಳಿಯಬೇಡಿ. ಬೋಲ್ಟ್ ಸಿಕ್ಕಾಪಟ್ಟೆ ಬಿಗಿಯಬೇಡಿ, ಸುಮಾರು 10 ನ್ಯೂಟನ್ ಮೀಟರ್ ಅಷ್ಟೇ, ಅಂದರೆ ಸಣ್ಣ ಪಾನಾದಲ್ಲಿ ಮಣಿಕಟ್ಟಿನ ಬಲ. ಕೆಳಗಿರುವುದು ಅಲ್ಯುಮಿನಿಯಂ. ಥ್ರೆಡ್ ಹೋದರೆ ಆಗ ನಿಜವಾಗಿಯೂ ದೊಡ್ಡ ಖರ್ಚು.

ಪ್ರಶ್ನೆ: ಕಾರವಾರ ಕೋಡಿಬಾಗದವರು ನಾವು. ಮಳೆಗಾಲದಲ್ಲಿ ಮಾತ್ರ ಪಿ 0010 ಬರುತ್ತದೆ, ಬಿಸಿಲು ಬಿದ್ದರೆ ತಾನೇ ಹೋಗುತ್ತದೆ. ವಾಲ್ವ್ ಬದಲಿಸಿದರೂ ಸರಿಯಾಗಿಲ್ಲ. ಗಾಡಿ ಓಡುವುದು ಪೇಟೆಗೆ ಹೋಗಿ ಬರುವಷ್ಟು ಮಾತ್ರ.

ಉತ್ತರ: ಪಿ 0010 ವೈರಿಂಗ್ ಕಡೆಯ ದೂರು. ಸಾಕೆಟ್ ಬಿಚ್ಚಿ ಪಿನ್ನುಗಳನ್ನು ಟಾರ್ಚ್ ಹಾಕಿ ನೋಡಿ. ಹಸಿರು ಪುಡಿ ಕಂಡರೆ ಸಮುದ್ರದ ಉಪ್ಪು ಗಾಳಿ ಕೆಲಸ ಮಾಡಿದೆ ಅಂತ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರಿ. ಸಾಕೆಟ್ಟಿನ ರಬ್ಬರ್ ಸೀಲ್ ಹೋಗಿದ್ದರೆ ಸಾಕೆಟ್ಟೇ ಹೊಸದು ಹಾಕಿಸಿ. ವೈರಿನುದ್ದಕ್ಕೂ ಇಲಿ ಕಡಿದ ಗುರುತು ಹುಡುಕಿ. ಮಳೆಗಾಲದಲ್ಲಿ ಇಲಿಗಳಿಗೆ ಬೆಚ್ಚಗಿನ ಬಾನೆಟ್ಟೇ ಮನೆ.

ನೀವು ಕೊನೆಗೆ ಬರೆದ ಮಾತೂ ಮುಖ್ಯ. ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆದರೆ ಒಳಗಿನ ತೇವ ಆರುವುದಿಲ್ಲ, ಆಯಿಲಿನಲ್ಲೇ ಉಳಿಯುತ್ತದೆ. ಆಯಿಲ್ ಮುಚ್ಚಳದ ಒಳಗೆ ಕೆನೆ ಬಣ್ಣದ ನೊರೆ ಇದೆಯಾ ನೋಡಿ. ಅದೇ ಮುಂದೆ ಅಂಟಾಗುತ್ತದೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅಂಕೋಲಾವರೆಗೆ ಹೋಗಿ ಬನ್ನಿ. ಹಾಗೆಯೇ ಕಿಲೋಮೀಟರ್ ಲೆಕ್ಕ ಕಾಯದೆ ವರ್ಷಕ್ಕೊಮ್ಮೆಯಾದರೂ, ಸಾಧ್ಯವಾದರೆ ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ, ಆಯಿಲ್ ಬದಲಿಸಿ. ನೊರೆಯ ಜೊತೆ ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಗರಗರ ಸದ್ದು, ಆಮೇಲೆ ಇಲ್ಲ. ಫೇಸರ್ ಬಿಚ್ಚಿ ತೊಳೆಯಬಹುದಾ? — ಹೊನ್ನಾವರದ ಓದುಗರು

ಉತ್ತರ: ದಯವಿಟ್ಟು ಬೇಡ. ಇಂಜಿನ್ ಆಫ್ ಆದಾಗ ಫೇಸರನ್ನು ಹಿಡಿದಿಡುವ ಒಂದು ಲಾಕ್ ಪಿನ್ ಇರುತ್ತದೆ. ಅದು ಸವೆದರೆ ಆಯಿಲ್ ಒತ್ತಡ ಬರುವವರೆಗೆ ಹೀಗೆ ಗರಗರ ಅನ್ನುತ್ತದೆ. ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸೋತರೂ ಇದೇ ಸದ್ದು. ಎರಡಕ್ಕೂ ಟೈಮಿಂಗ್ ಕವರ್ ಬಿಚ್ಚಬೇಕು, ಗುರುತು ಹೊಂದಿಸಬೇಕು. ಒಂದೆರಡು ಹಲ್ಲು ತಪ್ಪಿದರೆ ಬಹಳಷ್ಟು ಇಂಜಿನ್‌ಗಳಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ಕ್ಯಾಮ್, ಕ್ರ್ಯಾಂಕ್ ಹೊಂದಾಣಿಕೆ ತಪ್ಪಿದೆ ಅನ್ನುವ ಪಿ 0016 ಕೋಡ್ ಕೂಡ ಬಂದಿದ್ದರೆ ಚೈನ್ ಉದ್ದವಾಗಿರುವ ಸಾಧ್ಯತೆ ಇದೆ, ಘಟ್ಟದ ಕಡೆ ಹೋಗದೆ ಮೊದಲು ಗ್ಯಾರೇಜಿಗೆ ಹೋಗಿ.

ಪ್ರಶ್ನೆ: ಸೀಮೆಎಣ್ಣೆ ಹಾಕಿ ಇಂಜಿನ್ ಫ್ಲಶ್ ಮಾಡಿದರೆ ವಿವಿಟಿ ತಾನೇ ಶುದ್ಧವಾಗುತ್ತದಂತೆ, ಹೌದಾ? — ಯಲ್ಲಾಪುರದಿಂದ

ಉತ್ತರ: ಮಾಡಬೇಡಿ. ಸೀಮೆಎಣ್ಣೆ ಆಯಿಲನ್ನು ತೆಳುವಾಗಿಸುತ್ತದೆ, ಬೇರಿಂಗುಗಳಿಗೆ ರಕ್ಷಣೆ ತಪ್ಪುತ್ತದೆ. ಜೊತೆಗೆ ವರ್ಷಗಟ್ಟಲೆ ಕೂತ ಅಂಟು ಒಮ್ಮೆಲೇ ಕಿತ್ತು ಬಂದು ಆ ಸಣ್ಣ ಜಾಲರಿಗೇ ಹೋಗಿ ಕೂರುತ್ತದೆ. ಸರಿಯಾದ ಗ್ರೇಡಿನ ಒಳ್ಳೆಯ ಆಯಿಲ್ ಹಾಕಿ, ಎರಡು ಮೂರು ಸಾವಿರ ಕಿಲೋಮೀಟರಿಗೇ ಫಿಲ್ಟರ್ ಸಮೇತ ಬದಲಿಸಿ. ಹೀಗೆ ಎರಡು ಸಲ ಮಾಡಿದರೆ ಕೊಳೆ ನಿಧಾನಕ್ಕೆ ಕರಗಿ ಹೊರಗೆ ಬರುತ್ತದೆ. ತೆಗೆದ ಹಳೆ ಆಯಿಲನ್ನು ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲ್ ಕೊಳ್ಳುವವರಿಗೆ ಮಾರುವ ಗ್ಯಾರೇಜಿಗೆ ಕೊಡಿ. ತೋಟದ ಬೇಲಿ ಬುಡಕ್ಕೆ ಸುರಿಯಬೇಡಿ, ನಮ್ಮ ಕಡೆ ಆ ನೀರು ಇಳಿಯುವುದು ಮನೆಯ ಬಾವಿಗೇ.