ಸಾಕಲು ಕಷ್ಟವಾಗುತ್ತಿರುವ ಮೊಲವನ್ನು ಬೇರೆಯವರಿಗೆ ಕೊಡುವುದು ತಪ್ಪಾ?

ನಿಮ್ಮ ಪ್ರಶ್ನೆ ಓದಿದೆ. ಹಾಸನದಲ್ಲಿ ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗಳು ಹಟ ಮಾಡಿ ತರಿಸಿಕೊಂಡ ಹೆಣ್ಣು ಮೊಲಕ್ಕೆ ಈಗ ವರ್ಷ ತುಂಬಿದೆ. ಮಗಳಿಗೆ ಮೊದಲಿನ ಆಸೆ ಉಳಿದಿಲ್ಲ, ಗೂಡಿಗೆ ಕೈ ಹಾಕಿದರೆ ಮೊಲ ಗುರುಗುಟ್ಟಿ ಮೇಲೆ ಹಾರುತ್ತದೆ, ಹಾಲ್ ತುಂಬ ವಾಸನೆ, ಅತ್ತೆಯವರ ಬೇಸರ ಬೇರೆ. ಕೊಟ್ಟುಬಿಟ್ಟರೆ ಪಾಪ ಬರುತ್ತದಾ ಎಂದು ಕೇಳಿದ್ದೀರಿ.

ಬರುವುದಿಲ್ಲ. ಆದರೆ ಈ ವಾರವೇ ಕೊಡಬೇಡಿ. ನೀವು ಬರೆದಿರುವ ತೊಂದರೆಗಳಲ್ಲಿ ಕೆಲವಕ್ಕೆ ಮದ್ದಿದೆ, ಅದನ್ನು ಮಾಡಿ ನೋಡದೆ ಕೊಟ್ಟರೆ ಅದೇ ತೊಂದರೆ ಮೊಲದ ಜೊತೆಗೇ ಮುಂದಿನ ಮನೆಗೂ ಹೋಗುತ್ತದೆ. ಅಲ್ಲಿಂದ ಇನ್ನೊಂದು ಮನೆ, ಮತ್ತೊಂದು ಮನೆ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಈಗ ಎರಡು ಮೊಲ ಇವೆ. ಒಂದು ಹಾಗೆ ಕೈ ಬದಲಾಗುತ್ತಾ ಬಂದದ್ದು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಆ ಗುರುಗುಟ್ಟುವುದು. ಹೆಣ್ಣು ಮೊಲ ನಾಲ್ಕಾರು ತಿಂಗಳಿಗೆ ಬೆದೆಗೆ ಬರುತ್ತದೆ. ಆಮೇಲೆ ಗೂಡು ತನ್ನದು, ಒಳಗೆ ಬರುವ ಕೈ ಶತ್ರುವಿನದು ಎಂಬ ಹಾಗೆ ಆಡುವುದು ಅದರ ಸ್ವಭಾವ, ನಿಮ್ಮ ಮೇಲಿನ ಸಿಟ್ಟಲ್ಲ. ಗರ್ಭಕೋಶ ತೆಗೆಸಿದರೆ ಬಹಳಷ್ಟು ಮೊಲಗಳು ಸಮಾಧಾನವಾಗುತ್ತವೆ. ವಯಸ್ಸಾದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬಾ ಸಾಮಾನ್ಯವಾದ್ದರಿಂದ ಆ ದೃಷ್ಟಿಯಿಂದಲೂ ಅದು ಒಳ್ಳೆಯದೇ. ನಿಮ್ಮ ಊರಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿ ವಿಚಾರಿಸಿ. ಎಲ್ಲೇ ಮಾಡಿಸಿದರೂ, ಮೊಲಕ್ಕೆ ಈ ಆಪರೇಷನ್ ಮಾಡಿ ಅಭ್ಯಾಸ ಇದೆಯಾ ಎಂದು ಸಂಕೋಚವಿಲ್ಲದೆ ಕೇಳಿ. ನಾಯಿ ಬೆಕ್ಕಿಗೆ ಹೇಳುವಂತೆ ಹಿಂದಿನ ರಾತ್ರಿಯಿಂದ ಉಪವಾಸ ಹಾಕಿ ಅಂದರೆ ಇನ್ನೊಬ್ಬ ಡಾಕ್ಟರನ್ನೂ ಕೇಳುವುದು ಮೇಲು. ಮೊಲಕ್ಕೆ ವಾಂತಿ ಬರುವುದಿಲ್ಲ, ಅದರ ಹೊಟ್ಟೆ ಖಾಲಿ ಬಿಡಬಾರದು.

ಇನ್ನೊಂದು ಮಾತು. ಮೊಲಕ್ಕೆ ಎತ್ತಿಕೊಳ್ಳುವುದೇ ಹಿಡಿಸುವುದಿಲ್ಲ. ನೆಲದಿಂದ ಮೇಲೆದ್ದರೆ ಯಾವುದೋ ಹದ್ದು ಹಿಡಿಯಿತು ಎಂಬ ಭಯ ಅದರ ರಕ್ತದಲ್ಲೇ ಇದೆ. ಹಿಂಗಾಲು ಜೋರಾಗಿ ಒದೆದು ಬೆನ್ನುಮೂಳೆ ಮುರಿದುಕೊಂಡ ಮೊಲಗಳಿವೆ. ಸಂಜೆ ಗೂಡಿನ ಬಾಗಿಲು ತೆರೆದಿಟ್ಟು ಮಗಳು ನೆಲದ ಮೇಲೆ ಹೋಂವರ್ಕ್ ಮಾಡುತ್ತಾ ಕೂರಲಿ, ಮೊಲದ ಕಡೆ ನೋಡುವುದೂ ಬೇಡ. ತಾನಾಗಿ ಬಂದು ಮೂಸುತ್ತದೆ. ಮೊಲ ಚುರುಕಾಗುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ, ಅಂದರೆ ನೀವು ಮನೆಯಲ್ಲಿರುವ ಹೊತ್ತು. ಆಫೀಸಿಗೆ ಹೋಗುವವರಿಗೆ ಇದೊಂದು ಅನುಕೂಲ.

ವಾಸನೆ ಬರುವುದು ಉಚ್ಚೆಯಿಂದ. ಹಿಕ್ಕೆ ಒಣಗಿದ್ದರೆ ವಾಸನೆಯೇ ಇರುವುದಿಲ್ಲ, ನಮ್ಮ ಗುಲಾಬಿ ಕುಂಡಗಳಿಗೆಲ್ಲ ಅದೇ ಗೊಬ್ಬರ. ಗೂಡಿನ ಮೂಲೆಯಲ್ಲಿ ಅಗಲವಾದ ಟ್ರೇ ಇಟ್ಟು ಹಳೆ ಪೇಪರ್ ಹಾಸಿ, ಅದರ ಒಂದು ಬದಿಗೇ ಹುಲ್ಲು ತುಂಬಿಸಿ. ತಿನ್ನುತ್ತಲೇ ಹಿಕ್ಕೆ ಹಾಕುವ ಪ್ರಾಣಿ ಅದು, ಹುಲ್ಲಿರುವ ಕಡೆಯೇ ಕೂರುತ್ತದೆ. ದಿನಾ ಪೇಪರ್ ಬದಲಿಸಿ. ಆಪರೇಷನ್ ಆದ ಮೇಲೆ ಈ ಅಭ್ಯಾಸ ಬೇಗ ಹಿಡಿಯುತ್ತದೆ. ಮಳೆಗಾಲದಲ್ಲಿ ಇದನ್ನು ಒಂದು ದಿನವೂ ತಪ್ಪಿಸಬಾರದು. ನಮ್ಮ ಕಡೆಯ ಜಡಿಮಳೆಯಲ್ಲಿ ಹಿಂಭಾಗದ ಕೂದಲು ಒದ್ದೆಯಾಗಿದ್ದರೆ ನೊಣ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳ ಬೀಳುತ್ತದೆ, ನೋಡಲಾಗದಂಥ ಸಾವು ಅದು.

ಏನು ತಿನ್ನಿಸುತ್ತೀರಿ ಎಂದು ನೀವು ಬರೆದಿಲ್ಲ. ಕ್ಯಾರೆಟ್ಟು, ಬಿಸ್ಕತ್ತು, ಅನ್ನ ಆಗಿದ್ದರೆ ಇವತ್ತಿನಿಂದಲೇ ಕಡಿಮೆ ಮಾಡುತ್ತಾ ಬನ್ನಿ. ಬಿಸ್ಕತ್ತು, ಅನ್ನ ಪೂರ್ತಿ ನಿಲ್ಲಲಿ, ಕ್ಯಾರೆಟ್ ಅಪರೂಪಕ್ಕೊಂದು ತುಂಡು ಸಾಕು. ಮೊಲದ ಊಟ ಅಂದರೆ ಹುಲ್ಲು, ಹಗಲೂ ರಾತ್ರಿ ಬಾಯಿಗೆ ಸಿಗುವಷ್ಟು. ಮುಂಭಾಗದ ಹಲ್ಲು ವಾರಕ್ಕೆ 2-3 ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ, ಸವೆಯಬೇಕಾದರೆ ಅಗಿಯಬೇಕು. ಆನ್‌ಲೈನಿನಲ್ಲಿ ಸಿಗುವ ತಿಮೋಥಿ ಹುಲ್ಲು ದುಬಾರಿ. ನಾವು ಗರಿಕೆ ಕೊಯ್ದು ನೆರಳಲ್ಲಿ ಬಾಡಿಸಿ ಇಟ್ಟುಕೊಳ್ಳುತ್ತೇವೆ. ಕಳೆನಾಶಕ ಹೊಡೆದ ತೋಟದ ಅಂಚಿನದು ಬೇಡ, ಬೂಷ್ಟು ಹಿಡಿದದ್ದಂತೂ ಬೇಡವೇ ಬೇಡ.

ಇಷ್ಟನ್ನೂ ಒಂದೆರಡು ತಿಂಗಳು ಮಾಡಿ. ಆಮೇಲೆ ಮನೆಯವರೆಲ್ಲ ಕೂತು ಮಾತಾಡಿ. ಮೊಲ ಬದುಕುವುದು 8ರಿಂದ 12 ವರ್ಷ. ಮಗಳು ಪಿಯುಸಿ ಮುಗಿಸಿ ಹಾಸ್ಟೆಲ್ಲಿಗೆ ಹೋದಾಗಲೂ ಅದು ಇರಬಹುದು. ಅಲ್ಲಿಯವರೆಗೆ ಅದರ ಹೊಣೆ ಯಾರದು? ಬೆಳಿಗ್ಗೆ ಎದ್ದಾಗ ರಾತ್ರಿಯ ಹುಲ್ಲು ಹಾಗೇ ಇದೆ, ಹಿಕ್ಕೆ ಹಾಕಿಲ್ಲ ಎಂದು ಗಮನಿಸುವವರು ಯಾರು? ಹನ್ನೆರಡು ಗಂಟೆ ಏನೂ ತಿನ್ನದ ಮೊಲವನ್ನು ಅವತ್ತೇ ಡಾಕ್ಟರ ಹತ್ತಿರ ಒಯ್ಯಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಮನೆಯಲ್ಲಿರುವ ಮಾತ್ರೆ ಪುಡಿ ಮಾಡಿ ಹಾಕುವಂತೆಯೂ ಇಲ್ಲ, ಅಮಾಕ್ಸಿಸಿಲಿನ್‌ನಂಥ ಮಾಮೂಲಿ ಆ್ಯಂಟಿಬಯಾಟಿಕ್ ಬಾಯಿಂದ ಹೋದರೆ ಮೊಲದ ಪ್ರಾಣಕ್ಕೇ ಕುತ್ತು. ಈ ಪ್ರಶ್ನೆಗಳಿಗೆ ಒಬ್ಬರಾದರೂ ‘ನಾನು’ ಅನ್ನದಿದ್ದರೆ, ಆ ಮೊಲಕ್ಕೆ ನಿಮ್ಮ ಮನೆ ಒಳ್ಳೆಯದಲ್ಲ. ಪ್ರೀತಿ ಇದ್ದರೂ ಅಲ್ಲ. ಆಗ ಕೊಡುವುದು ನೀವು ಅದಕ್ಕೆ ಮಾಡಬಹುದಾದ ಉಪಕಾರ ಎಂದೇ ನಾನು ನಂಬುತ್ತೇನೆ. ನಮಗೆ ಮೊಲ ಕೊಟ್ಟ ಹೆಣ್ಣುಮಗಳು ಪಾರ್ಶ್ವವಾಯು ಬಡಿದ ತಂದೆಯನ್ನು ನೋಡಿಕೊಳ್ಳುತ್ತಿದ್ದರು. ಕೊಡುವಾಗ ಅತ್ತರು. ಅವರನ್ನು ಕಲ್ಲು ಮನಸ್ಸಿನವರು ಎಂದು ಯಾರಾದರೂ ಅಂದರೆ ನನಗೆ ತಡೆಯಲಾಗುವುದಿಲ್ಲ.

ಯಾರಿಗೆ ಕೊಡುವುದು ಅನ್ನುವಲ್ಲಿ ಮಾತ್ರ ಗಟ್ಟಿಯಾಗಿರಿ. ‘ಉಚಿತ’ ಎಂದು ಗ್ರೂಪಿನಲ್ಲಿ ಹಾಕಿದರೆ ಅರ್ಧ ಗಂಟೆಯಲ್ಲಿ ಜನ ಬರುತ್ತಾರೆ. ನಮ್ಮಲ್ಲಿ ಮಾಂಸಕ್ಕೆ ಮೊಲ ಸಾಕುವವರೂ ಇದ್ದಾರೆ, ಮರಿ ಮಾರಿ ದುಡ್ಡು ಮಾಡುವವರೂ ಇದ್ದಾರೆ. ಅದು ಅವರ ಬದುಕು, ಆದರೆ ನೀವು ಹುಡುಕುತ್ತಿರುವುದು ಅದನ್ನಲ್ಲ. ಹೋಂಸ್ಟೇಗಳಿಗೂ ಬೇಡ ಎಂದೇ ನನ್ನ ಸಲಹೆ. ವಾರಾಂತ್ಯದ ಅತಿಥಿಗಳ ಮಕ್ಕಳು ಬೆನ್ನಟ್ಟಿ ಕಿವಿ ಹಿಡಿದೆತ್ತುವುದನ್ನು ಕಣ್ಣಾರೆ ಕಂಡಿದ್ದೇನೆ. ಮನೆಗೆ ಹೋಗಿ ನೋಡಿ, ನಾಯಿ ಇದೆಯಾ, ಗೂಡು ಬೇಸಿಗೆಯಲ್ಲಿ ತಗಡಿನ ಕೆಳಗೆ ಕಾಯುತ್ತದಾ ಎಂದು. ಅವರಲ್ಲಿ ಗಂಡು ಮೊಲವಿದ್ದು ನಿಮ್ಮದಕ್ಕೆ ಆಪರೇಷನ್ ಆಗಿಲ್ಲದಿದ್ದರೆ ಒಂದು ತಿಂಗಳಿಗೇ ಮರಿಗಳಾಗುತ್ತವೆ.

ಸಕಲೇಶಪುರದ ಕಡೆ ನೆಂಟರ ತೋಟವಿದೆ, ಅಲ್ಲಿ ಬಿಟ್ಟರೆ ಸ್ವತಂತ್ರವಾಗಿರುತ್ತದೆ ಎಂದು ಯಾರೋ ಹೇಳಿದ್ದನ್ನೂ ಬರೆದಿದ್ದೀರಿ. ದಯವಿಟ್ಟು ಬೇಡ. ನಮ್ಮ ಕಾಡುಮೊಲದ ಜಾತಿಯೇ ಬೇರೆ. ಗೂಡಲ್ಲಿ ಹುಟ್ಟಿದ ಈ ಬಿಳಿ ಮೊಲಕ್ಕೆ ಅಡಗುವುದೂ ಗೊತ್ತಿಲ್ಲ, ಓಡುವುದೂ ಗೊತ್ತಿಲ್ಲ. ನಾಯಿಗೋ ಮುಂಗುಸಿಗೋ ಸಿಗುವುದಕ್ಕೆ ಒಂದು ರಾತ್ರಿ ಸಾಕು. ಸಾಕುಪ್ರಾಣಿಯನ್ನು ಹಸಿವು ಬಾಯಾರಿಕೆಯಲ್ಲಿ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ.

ಕೊಡುವ ದಿನ ಗೂಡು, ಟ್ರೇ, ಅದು ಮಲಗುವ ತೊಳೆಯದ ಬಟ್ಟೆ, ಕೆಲವು ದಿನಕ್ಕಾಗುವಷ್ಟು ಅದೇ ಹುಲ್ಲು ಜೊತೆಗೆ ಕಳಿಸಿ. ಹೊಸ ಜಾಗದ ಗಾಬರಿಗೇ ಊಟ ಬಿಡುವುದುಂಟು, ಅವತ್ತು ರಾತ್ರಿಯೇ ಫೋನ್ ಮಾಡಿ ಹಿಕ್ಕೆ ಹಾಕಿತಾ ಎಂದು ಕೇಳಿ. ಅವರಿಗೆ ಆಗದಿದ್ದರೆ ಬೇರೆಯವರಿಗೆ ದಾಟಿಸದೆ ನಿಮಗೇ ತಿರುಗಿ ಕೊಡಲಿ ಎಂದು ಮೊದಲೇ ಮಾತಾಡಿಕೊಳ್ಳಿ. ಮಗಳಿಗೆ ಓಡಿಹೋಯಿತು ಅಂತ ಸುಳ್ಳು ಹೇಳಬೇಡಿ. ಆ ಮನೆ ನೋಡಲು ಅವಳನ್ನೂ ಕರೆದುಕೊಂಡು ಹೋಗಿ, ಅವಳಿಗೆ ಅಲ್ಲಿ ಸರಿ ಕಾಣದಿದ್ದರೆ ಆ ಮಾತಿಗೂ ಬೆಲೆ ಕೊಡಿ.

ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ. ಅವರೇನು ಹೇಳಿದರು, ಈಗ ಏನು ತಿನ್ನಿಸುತ್ತಿದ್ದೀರಿ ಎರಡನ್ನೂ ಇಲ್ಲೇ ಬರೆಯಿರಿ, ನೋಡಿ ಉತ್ತರಿಸುತ್ತೇನೆ.